ತಾಯಿ ಪಾಲು

ಮೊಮ್ಮಗಳು ಹುಟ್ಟಿ ಇವತ್ತಿಗೆ ಒಂಬತ್ತು ದಿನ. ಸುದ್ದಿ ಹೇಳಲು ಬಳಗಕ್ಕೆಲ್ಲ ಫೋನು ಹಚ್ಚಿದೆ. ಹಚ್ಚಿದವರಿಗೇ ಮತ್ತೆ ಹಚ್ಚಿದೆ. ಯಾದಗಿರಿಯ ಅಕ್ಕ, ಸೇಡಂನ ಬೀಗರು, ಹಳೆಯ ಗೆಳತಿಯರು, ಎಲ್ಲರೂ ಮೊದಲು ಕೇಳಿದ್ದು ಗಂಡೋ ಹೆಣ್ಣೋ ಅಂತ. ಆಮೇಲೆ ಕೇಳಿದ್ದು ಬಣ್ಣ ಯಾರದು ಅಂತ. ಒಬ್ಬರು ಮಾತ್ರ ಬೇರೆ ಕೇಳಿದರು.

"ಯಾದಗಿರಮ್ಮಾ, ಕೂಸು ಮೊದಲ್ನೇ ದಿನದ ಹಾಲು ಕುಡೀತ?"

"ಕುಡೀತ್ರಿ ಡಾಕ್ಟರಮ್ಮಾ! ಹುಟ್ಟಿ ಒಂದು ತಾಸಿನೊಳಗ ಬಾಯಿ ಹಚ್ಚಿತ್ರಿ. ಏನ್ ಎಳೀತದ ಅಂತೀರಿ, ನನ್ನ ಮಗಳು ಅಳಾಕ ಹತ್ತ್ಯಾಳ."

"ಅಳಲಿ ಬಿಡು. ಕೂಸಿಗೆ ಕಸುವು ಬರ್ತದ. ಬಂದವರ ಕೈ ತೊಳಿಸು. ಮೊದಲು ನಿನ್ನ ಗಂಡಂದು ತೊಳಿಸು."

ಈ ಡಾಕ್ಟರಮ್ಮ ಹೆರಿಗೆ ಡಾಕ್ಟರಲ್ಲ. ಕಾಡುಪ್ರಾಣಿಗಳ ಡಾಕ್ಟರು. ಈಗ ನಿವೃತ್ತಿಯಾಗಿ ವರಂಗಲ್ ಕಡೆ ತಂಗಿಯ ಮನೆಯಲ್ಲಿದ್ದಾರೆ. ತೆಲುಗಿನವರು. ಕನ್ನಡ ಕಲಿತದ್ದು ನನ್ನಿಂದ. ಅದಕ್ಕೇ ಅವರ ಕನ್ನಡ ಕೇಳಿದವರು ನಮ್ಮೂರ ಹೊಲದಿಂದ ಎದ್ದು ಬಂದ ಹೆಂಗಸು ಎಂದುಕೊಳ್ಳುತ್ತಾರೆ. ನನ್ನ ನಿಜವಾದ ಹೆಸರನ್ನು ಅವರು ಒಂದು ದಿನವೂ ಕರೆಯಲಿಲ್ಲ. ಮೊದಲ ದಿನ ಯಾವ ಊರು ಎಂದು ಕೇಳಿದಾಗ ಯಾದಗಿರಿ ಎಂದೆ. ಹೈದರಾಬಾದಿನಲ್ಲಿ ಯಾದಗಿರಿ ಎಂದರೆ ಗಂಡಸರ ಹೆಸರು. ನನ್ನ ಹೆಸರೇ ಅದು ಎಂದು ತಿಳಿದು ಅದಕ್ಕೊಂದು ಅಮ್ಮ ಸೇರಿಸಿದರು. ತಿದ್ದಲು ನನಗೂ ಮನಸ್ಸಾಗಲಿಲ್ಲ.

ಮೊನ್ನೆ ಆಸ್ಪತ್ರೆಯಲ್ಲಿ ನರ್ಸು ಬಂದು ನನ್ನ ಮಗಳಿಗೆ "ತಲ್ಲಿ ಪಾಲು ಪಟ್ಟಂಡಿ" ಎಂದಳು. ತಾಯಿಯ ಹಾಲು ಕುಡಿಸಿ ಎಂದು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಶಂಶಾಬಾದಿನ ವಿಮಾನ ನಿಲ್ದಾಣದಲ್ಲಿ ಸಾಮಾನಿನ ಕೌಂಟರಿನಲ್ಲಿ ನಿಂತು ನಾಲ್ಕು ಭಾಷೆ ಮಾತಾಡುವ ನನ್ನ ಮಗಳು, "ಯವ್ವಾ, ಹಾಲು ಅಂದ್ರ ನಗೂದೇನೈತಿ?" ಎಂದು ಸಿಟ್ಟಾದಳು. ನಗುವುದಿದೆ. ತೆಲುಗಿನಲ್ಲಿ ಪಾಲು ಎಂದರೆ ಹಾಲು. ನಮ್ಮಲ್ಲಿ ಪಾಲು ಎಂದರೆ ಪಾಲು. ಈ ಎರಡರ ನಡುವೆ ಒಮ್ಮೆ ನಾಲ್ಕು ಜೀವ ಸಿಕ್ಕಿಬಿದ್ದಿದ್ದವು.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ನಾನೂ ನನ್ನ ಗಂಡನೂ ಅಲ್ಲಿ ಇಟ್ಟಿಗೆ ಹೊರುತ್ತಿದ್ದೆವು. ತಗಡಿನ ಶೆಡ್ಡುಗಳಲ್ಲಿ ಎಲ್ಲ ನಮ್ಮ ಕಡೆಯವರೇ. ಅಂಗಡಿಗೆ ಹೋದರೆ ಹಿಂದಿಯಲ್ಲಿ ನಡೆಯುತ್ತಿತ್ತು, ಹಾಗಾಗಿ ತೆಲುಗು ನನಗೆ ಹತ್ತಿರಲಿಲ್ಲ. ಶೆಡ್ಡಿನ ಸುತ್ತ ನಾಯಿಗಳು ಬಹಳ. ಒಂದು ಮಧ್ಯಾಹ್ನ ಸ್ಕೂಟರಿನ ಮೇಲೆ, ಕಾಲ ನಡುವೆ ಐಸ್ ಡಬ್ಬಿ ಇಟ್ಟುಕೊಂಡು, ಕನ್ನಡಕ ಹಾಕಿದ ಒಬ್ಬ ಹೆಂಗಸು ಬಂದರು. ಐವತ್ತರ ಹತ್ತಿರದ ವಯಸ್ಸು. ಮೂಗು ಸುರಿಸುತ್ತ ತಲೆ ಅದುರಿಸುತ್ತಿದ್ದ ಒಂದು ನಾಯಿಯನ್ನು ಬಹಳ ಹೊತ್ತು ನೋಡಿ ಹಿಂದಿಯಲ್ಲಿ ಹೇಳಿದರು, "ಇದಕ್ಕೆ ಡಿಸ್ಟೆಂಪರ್ ಆಗಿದೆ."

"ಇಲ್ರಿ ಅಮ್ಮಾರ," ಎಂದೆ. "ಡಿಸ್ಟೆಂಪರ್ ನಾಕನೇ ಮಾಳಿಗಿಗೆ ಹೊಡ್ಯಾಕತ್ತಾರ. ಇದು ಕೆಳಗಿನ ನಾಯಿ. ಮೂಗಿಗೆ ಬಣ್ಣ ಹತ್ತಿಲ್ಲ ನೋಡ್ರಿ."

ಗೋಡೆಗೆ ಹೊಡೆಯುವ ಬಣ್ಣ ಬಿಟ್ಟು ಬೇರೆ ಡಿಸ್ಟೆಂಪರ್ ನನಗೆ ಗೊತ್ತಿರಲಿಲ್ಲ. ಅವರು ಮರಳಿನ ಗುಡ್ಡೆಯ ಮೇಲೆ ಕೂತು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ತನಕ ನಕ್ಕರು. ಆಮೇಲೆ, ಅದು ನಾಯಿಗಳ ಒಂದು ಅಂಟುರೋಗದ ಹೆಸರೂ ಹೌದು ಎಂದು ತಿಳಿಸಿದರು. ನಾನು ಆ ನಾಯಿಯ ಬಾಯಿಗೆ ಟವೆಲ್ಲು ಸುತ್ತಿ ಹಿಡಿದುಕೊಟ್ಟೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು, ನಾಯಿ ಹಿಡಿಯುವುದು ನನಗೆ ಅನ್ನ ಕಲಸಿದಷ್ಟು ಸುಲಭ. ಅವರು ರಕ್ತ ತೆಗೆದು, ಶೀಶೆಯನ್ನು ಐಸಿನಲ್ಲಿಟ್ಟು, ನನ್ನನ್ನೇ ನೋಡುತ್ತ ಕೇಳಿದರು, "ಇಟ್ಟಿಗೆ ಬಿಟ್ಟು ನನ್ನ ಹತ್ತಿರ ಬರ್ತೀಯಾ?"

ನನ್ನ ಗಂಡ ಆ ದಿನ ಊಟಕ್ಕೆ ಕೂತು, "ನಾಯಿ ಹಿಡ್ಯಾಕ ಹೈದರಾಬಾದಿಗೆ ಬರಬೇಕಾಗಿತ್ತೇನು? ನಮ್ಮೂರಾಗ ನಾಯಿಗೆ ಬರಗಾಲ ಬಿದ್ದಿತ್ತೇನು?" ಎಂದ. ಮರುದಿನವೇ ನಾನು ಹೋದೆ.

ಊರ ಹೊರಗೆ ಬೇವಿನ ಮರಗಳ ನಡುವೆ ಇತ್ತು ಅವರ ಜಾಗ. ಕಾಯಿಲೆ ಬಿದ್ದ ಕಾಡುಪ್ರಾಣಿಗಳನ್ನು ತಂದಿಡುವ ಗೂಡುಗಳು, ಪಕ್ಕದಲ್ಲಿ ರಕ್ತ ನೋಡುವ ಕೋಣೆ. ಡಾಕ್ಟರಮ್ಮ ಮಲ್ಕಾಜ್‌ಗಿರಿಯಿಂದ ಬರುತ್ತಿದ್ದರು. ಅವರ ತಂದೆ ರೈಲ್ವೆಯಲ್ಲಿದ್ದವರು. ಅದಕ್ಕೇ ಏನೋ, ಅವರಿಗೆ ಎಲ್ಲಕ್ಕೂ ಒಂದು ಹೊತ್ತು, ಒಂದು ದಾರಿ.

ಅವರ ಹತ್ತಿರ ಎರಡು ಜೊತೆ ಚಪ್ಪಲಿ ಇದ್ದವು. ಬೀದಿಗೆ ಒಂದು, ಗೂಡಿಗೆ ಒಂದು. ಬೀದಿಯದು ಗೇಟಿನ ಒಳಗೆ ಬರಕೂಡದು. ಗೂಡಿನದು ಹೊರಗೆ ಹೋಗಕೂಡದು. ಬಾಗಿಲಲ್ಲಿ ಔಷಧಿ ನೀರಿನ ತಟ್ಟೆ, ಅದರಲ್ಲಿ ಕಾಲು ಅದ್ದಿಯೇ ಒಳಗೆ. ಒಮ್ಮೆ ದೊಡ್ಡ ಸಾಹೇಬರು, ಅಂದರೆ ಆ ಜಾಗಕ್ಕೆಲ್ಲ ಹಿರಿಯರು, ಹೊಸ ಬೂಟು ಹಾಕಿಕೊಂಡು ತಟ್ಟೆ ದಾಟಿ ಬಂದುಬಿಟ್ಟರು. ಡಾಕ್ಟರಮ್ಮ ಅವರನ್ನು ಅಲ್ಲೇ ತಡೆದು ವಾಪಸ್ಸು ಕಳಿಸಿದರು. ನಾನು ಹೆದರಿ ನಿಂತಿದ್ದೆ. ನನ್ನ ಕಡೆ ತಿರುಗಿ ಮೆಲ್ಲಗೆ, "ಬೂಟಿಗೆ ಪದವಿ ಇಲ್ಲ, ಯಾದಗಿರಮ್ಮ," ಎಂದರು.

ಪ್ರಾಣಿಗಳನ್ನು ಅವರು ಮುದ್ದಿಸಿದ್ದನ್ನು ನಾನು ಕಂಡಿಲ್ಲ. ನಾನು ಒಂದು ಮುಂಗುಸಿಯ ತಲೆ ಸವರಿದ್ದಕ್ಕೆ ಎರಡು ದಿನ ಮಾತು ಬಿಟ್ಟರು. "ನಮ್ಮ ಕೈ ಅಂದ್ರ ಅವಕ್ಕ ಊರಿನ ರೋಗ," ಎನ್ನುವರು. ಆದರೆ ಸೂಜಿ ಚುಚ್ಚುವ ಮೊದಲು ಪ್ರತಿ ಪ್ರಾಣಿಗೂ "ಕೊಂಚೆಮೇ, ಕೊಂಚೆಮೇ" ಎಂದು ತೆಲುಗಿನಲ್ಲಿ ಸಮಾಧಾನ ಹೇಳುವರು, ಸ್ವಲ್ಪವೇ, ಸ್ವಲ್ಪವೇ ಎಂದು. ಔಷಧಿ ಕೊಟ್ಟು ಮಲಗಿಸಿದ ಚಿರತೆಗೂ ಹೇಳುವರು. ಊಟಕ್ಕೆ ಕೂತರೆ ಗೂಡುಗಳಿಗೆ ಬೆನ್ನು ಮಾಡಿ ಕೂರುವರು. ರಕ್ತ ತೆಗೆಯುವ ದಿನ ಪ್ರಾಣಿಗಳಿಗೆ ಉಪವಾಸ ಇರುತ್ತಿತ್ತು. ಉಪವಾಸದವರ ಎದುರು ಮೊಸರನ್ನ ತಿನ್ನುವುದು ಅವರಿಂದ ಆಗುತ್ತಿರಲಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ರಕ್ತದಲ್ಲಿ ಅವರು ಹುಡುಕುವುದೇನು ಎಂದು ಒಂದು ದಿನ ಕೇಳಿಯೇಬಿಟ್ಟೆ. ಆಗ ನಮ್ಮ ಮಾತು ಅರ್ಧ ಹಿಂದಿ, ಅರ್ಧ ಕೈಸನ್ನೆ. ಇಲ್ಲಿ ಅವರು ಆಮೇಲೆ ಕಲಿತ ಕನ್ನಡದಲ್ಲೇ ಬರೆಯುತ್ತೇನೆ.

"ನಿನ್ನ ಗಂಡ ಈಗ ಏನ್ ಮಾಡ್ತಾನ?"

"ಕಟ್ಟಡ ಮುಗೀತಲ್ರಿ, ಅಲ್ಲೇ ವಾಚ್‌ಮನ್ ಆಗ್ಯಾನ."

"ಒಮ್ಮೆ ಕಳ್ಳನ ಮುಖ ನೋಡಿದ್ರ ಮರೀತಾನೇನು?"

"ಮುಖ ಮರ್ಯಂಗಿಲ್ರಿ. ಆದರ ನಿದ್ದಿ ಮಾಡ್ತಾನ."

"ರಕ್ತದಾಗಿನ ವಾಚ್‌ಮನ್ ನಿದ್ದಿ ಮಾಡಂಗಿಲ್ಲ," ಎಂದು ನಕ್ಕು ಬಿಡಿಸಿ ಹೇಳಿದರು. ಮೈಯೊಳಗೆ ಕಾವಲುಗಾರರು ಇರುತ್ತಾರಂತೆ. ಒಂದು ರೋಗವನ್ನು ಒಮ್ಮೆ ಗೆದ್ದರೆ ಅದರ ಮುಖ ನೆನಪಿಟ್ಟುಕೊಳ್ಳುತ್ತಾರಂತೆ. ಈ ಡಿಸ್ಟೆಂಪರ್ ಎಂಥ ಖದೀಮ ಎಂದರೆ, ಒಳಗೆ ನುಗ್ಗಿದ ಕೂಡಲೇ ಮೊದಲು ಕಾವಲುಗಾರರನ್ನೇ ಹೊಡೆಯುತ್ತದೆ. ಆಮೇಲೆ ಕೆಮ್ಮು, ಭೇದಿ, ಯಾವುದು ಬೇಕಾದರೂ ಬಾಗಿಲು ತೆರೆದ ಮನೆಗೆ ಬಂದ ಹಾಗೆ ಬರುತ್ತದೆ. ಊರ ನಾಯಿಗಳು ಲೆಕ್ಕವಿಲ್ಲದಷ್ಟಿವೆ, ಹತ್ತು ಸತ್ತರೂ ಜಾತಿ ಉಳಿಯುತ್ತದೆ. ಕೆನ್ನಾಯಿಗಳ ಪಾಡು ಹಾಗಲ್ಲ. ಕೆಂಪು ಮೈ, ಕರಿ ಬಾಲದ ಆ ಕಾಡುನಾಯಿಗಳು ಉಳಿದಿರುವುದೇ ಕೆಲವು. ಒಂದು ಗುಂಪು ಒಂದೇ ಬೇಟೆಗೆ ಬಾಯಿ ಹಾಕಿ ತಿನ್ನುತ್ತದೆ. ಒಂದು ಸೀನಿದರೆ ಗುಂಪೇ ಹೋಯಿತು.

"ಅಂದ್ರ ನೀವು ನೋಡೂದು ಕಸುವು," ಎಂದೆ. ಅವರು ಆ ಮಾತನ್ನು ಎರಡು ಸಲ ಬಾಯಲ್ಲಿ ಆಡಿಸಿ ನೋಡಿದರು. ಮಾರನೆಯ ದಿನದಿಂದ ರಕ್ತದ ವರದಿ ಬಂದರೆ, "ಇದಕ್ಕ ಕಸುವು ಐತಿ", "ಇದಕ್ಕ ಇಲ್ಲ" ಎಂದು ನನಗೂ ಹೇಳತೊಡಗಿದರು.

ನಾನು ಸೇರಿದ ಹೊಸದರಲ್ಲೇ ಒಂದು ಕೆನ್ನಾಯಿ ಬಂತು. ಹೆಣ್ಣು. ಕಾಡಿನ ಅಂಚಿನ ಹಳ್ಳಿಯವರು ಕಂಡು ತಿಳಿಸಿದ್ದರು. ಅದರ ಗುಂಪಿನಲ್ಲಿ ಉಳಿದದ್ದು ಅದೊಂದೇ. ರೋಗ ಬಂದು ಹೋಗಿತ್ತು, ಆದರೆ ಮುಂಗಾಲು ಒಂದು ಸದಾ ಅದುರುತ್ತಿತ್ತು. ಹೊಟ್ಟೆಯಲ್ಲಿ ಮರಿಗಳು. ರಕ್ತ ನೋಡಿ ಡಾಕ್ಟರಮ್ಮ ಕುಣಿದಾಡುವುದೊಂದು ಬಾಕಿ. ಅಷ್ಟು ಕಸುವು! ಆ ದಿನದಿಂದ ಆಗಾಗ ಅದರ ರಕ್ತ ತೆಗೆದು, ಮೇಲೆ ತೇಲುವ, ಕಸುವೆಲ್ಲ ತುಂಬಿದ ತಿಳಿಯನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ಮಂಜಿನ ಪೆಟ್ಟಿಗೆಯಲ್ಲಿ ಇಟ್ಟರು. ರೋಗ ಗೆದ್ದ ಕಾಡುಪ್ರಾಣಿಯ ಕಸುವು ವಾರದಿಂದ ವಾರಕ್ಕೆ ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಎಂದು ಬರೆಯುವುದು ಅವರ ಬಹಳ ದಿನದ ಆಸೆ.

ಚಿಂತೆ ಇದ್ದದ್ದು ಮರಿಗಳದು. ಎಳೆಯ ಮರಿಗೆ ಲಸಿಕೆ ಹಾಕುವಂತಿಲ್ಲ. ಮನೆ ನಾಯಿಯ ಲಸಿಕೆ ಕೆನ್ನಾಯಿಗೆ ಹಾಕಿದರೆ ಲಸಿಕೆಯೇ ರೋಗವಾದೀತು ಎಂಬ ಭಯ ಬೇರೆ. ಉಳಿದ ದಾರಿ ಒಂದೇ, ತಾಯಿಯ ಮೊದಲ ಹಾಲು. "ಅದರಾಗ ತಾಯಿಯ ಕಾವಲುಗಾರರು ಇರ್ತಾರ. ಮರಿಯ ಕರುಳಿನ ಬಾಗಿಲು ಅವರಿಗೆ ಒಂದೇ ಒಂದು ದಿನ ತೆಗೆದಿರ್ತದ," ಎಂದಿದ್ದರು. ನಮ್ಮ ಮನೆಯಲ್ಲಿ ಆಕಳು ಈದರೆ ಅವ್ವ ಕರುವಿಗೆ ಬಿಟ್ಟು ಮಿಕ್ಕಿದ್ದರಲ್ಲಿ ಮಾತ್ರ ಗಿಣ್ಣ ಮಾಡುತ್ತಿದ್ದಳು. ಅದು ನೆನಪಾಗಿ ತಲೆಯಾಡಿಸಿದೆ.

ದೊಡ್ಡ ಸಾಹೇಬರ ಮಾತು ಬೇರೆ ಇತ್ತು. ಕಾಲು ಅದುರುವ ತಾಯಿ ಮರಿಗಳನ್ನು ತುಳಿದು ಹಾಕೀತು, ಮೈಯಲ್ಲಿ ರೋಗ ಇನ್ನೂ ಅಡಗಿದ್ದೀತು, ಹುಟ್ಟಿದ ಕೂಡಲೇ ಬೇರೆ ಮಾಡಿ ಬಾಟಲಿಯಲ್ಲಿ ಹಾಲು ಕೊಡೋಣ ಎಂದು. ಅವರದೂ ತಪ್ಪಲ್ಲ. ಮರಿಗಳು ಬದುಕಲಿ ಎಂಬುದೇ ಇಬ್ಬರ ಆಸೆಯೂ. ಆದರೆ ಇಬ್ಬರೂ ಸೇರಿ ಇನ್ನೂ ಒಂದು ತೀರ್ಮಾನಕ್ಕೆ ಬಂದಿರಲಿಲ್ಲ. ಸಾಹೇಬರ ಈ ಮಾತು ನನಗೆ ತಿಳಿದದ್ದು ಆಮೇಲೆ.

ಅಷ್ಟರಲ್ಲಿ, ಡಾಕ್ಟರಮ್ಮ ಹಳ್ಳಿ ನಾಯಿಗಳ ರಕ್ತ ತೆಗೆಯಲು ಹೋಗಿದ್ದ ದಿನವೇ, ಬೆಳಗಾಗುವಾಗ ಕೆನ್ನಾಯಿ ಈಯಿತು. ನಾಲ್ಕು ಮರಿ. ಎಂಟು ಗಂಟೆಗೆ ಕಂಪೌಂಡರು ಬಂದವನು ಅವಸರದಲ್ಲಿ, "ಸಾಹೇಬ್ ಆರ್ಡರ್. ತಲ್ಲಿ ಪಾಲು ಆಪೆಯ್ಯಿ" ಎಂದು ಹೇಳಿ, ಮರಿಗಳಿಗೆ ಹಾಲಿನ ಪುಡಿ ತರಲು ಜೀಪು ಹತ್ತಿ ಹೋದ. ಏನು ತರಲು, ಯಾಕೆ ಎಂದು ಆಗ ನನಗೆ ಹೇಳಲಿಲ್ಲ.

ತಲ್ಲಿ ಎಂದರೆ ತಾಯಿ, ಗೊತ್ತಿತ್ತು. ಆಪು ಎಂದರೆ ನಿಲ್ಲಿಸು, ಇಟ್ಟಿಗೆ ಹೊರುವಾಗ ಮೇಸ್ತ್ರಿ ದಿನಾ ಕೂಗುತ್ತಿದ್ದ. ಪಾಲು ನಮ್ಮದೇ ಮಾತು. ತಾಯಿಯ ಪಾಲು ನಿಲ್ಲಿಸು. ಅಂದರೆ ಅದರ ಮಾಂಸ ನಿಲ್ಲಿಸು.

ಬಾಣಂತಿಗೆ ಊಟ ನಿಲ್ಲಿಸುವುದೇ? ಆದರೆ ಸಾಹೇಬರ ಆರ್ಡರು. ಬೆಳಗಿನ ಮಾಂಸ ಹಾಕಲಿಲ್ಲ. ಕಿಂಡಿಯಿಂದ ನೋಡಿದೆ. ಮರಿಗಳು ಸಾಲಾಗಿ ಮೊಲೆಗೆ ಹತ್ತಿವೆ, ತಾಯಿ ಅದುರುವ ಕಾಲನ್ನು ಮರಿಗಳಿಗೆ ತಾಗದಂತೆ ಆಚೆಗೆ ಚಾಚಿ ಮಲಗಿದೆ. ಹನ್ನೆರಡರ ತನಕ ತಡೆದೆ. ಇವರಿಗೆ ಅವ್ವ ಅಕ್ಕ ಇಲ್ಲವೇ ಎಂದು ಬೈದುಕೊಂಡೆ. ಕಡೆಗೆ ಒಂದು ದೊಡ್ಡ ತುಂಡು ಯಕೃತ್ತು ತೆಗೆದು ಕಿಂಡಿಯಿಂದ ಹಾಕಿಬಿಟ್ಟೆ. ಹೋದರೆ ಕೆಲಸ ಹೋಗಲಿ.

ಯಾರೋ ಮಂತ್ರಿಗಳು ಮಾದಾಪುರದಲ್ಲಿ ಒಂದು ಕಟ್ಟಡ ಉದ್ಘಾಟನೆಗೆ ಬಂದಿದ್ದರಂತೆ, ರಸ್ತೆ ಬಂದ್ ಆಗಿ ಕಂಪೌಂಡರ ಜೀಪು ಸಂಜೆಯಾದರೂ ಬರಲಿಲ್ಲ. ಮೊದಲು ಬಂದದ್ದು ಡಾಕ್ಟರಮ್ಮ. ಗೇಟಿನಲ್ಲಿ ಚಪ್ಪಲಿ ಬದಲಿಸುತ್ತಿದ್ದರು. ನಾನು ಓಡಿಹೋಗಿ ಕೈ ಮುಗಿದೆ.

"ತಪ್ಪು ಮಾಡೀನ್ರಿ ಅಮ್ಮಾ. ಸಾಹೇಬ್ರು ತಲ್ಲಿ ಪಾಲು ಆಪೆಯ್ಯಿ ಅಂದಿದ್ರಂತ. ನನ್ನ ಕೈಲಿ ಆಗಲಿಲ್ಲ. ಕೊಟ್ಟುಬಿಟ್ಟೆ."

ಅವರ ಮುಖ ಬಿಳಿಚಿತು. "ಮರಿ ಎಲ್ಲಿ?"

"ತಾಯಿ ಹತ್ರನ ಅದಾವ್ರಿ."

"ಬೆಳಿಗ್ಗೆಯಿಂದ?"

"ಹುಟ್ಟಿದಾಗಿಂದ."

ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲು ಬರಿದು, ಹಾಗೇ ನಿಂತು ನನ್ನ ಎರಡೂ ಕೈ ಹಿಡಿದುಕೊಂಡರು. ಯಾರನ್ನೂ ಮುಟ್ಟದ ಹೆಂಗಸು. ಕಣ್ಣಲ್ಲಿ ನೀರು. "ಸಾಹೇಬ್ರ ಮಾತು ಮೀರಿ ಕೊಟ್ಟಿ? ಯಾದಗಿರಮ್ಮಾ, ಇಷ್ಟು ಧೈರ್ಯ ನನಗೂ ಬರ್ತಿರಲಿಲ್ಲ. ಎಷ್ಟು ಕೊಟ್ಟಿ?"

"ಅರ್ಧ ಕಿಲೋ ಇರಬೇಕ್ರಿ."

"ಏನದು ಅರ್ಧ ಕಿಲೋ?"

"ಯಕೃತ್ತು."

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಪಾಲು ಎಂದರೆ ಏನೆಂದು ತಿಳಿದಿದ್ದೀ ಎಂದು ಕೇಳಿದರು. ಹೇಳಿದೆ. ಅವರು ಗೇಟಿನ ಕಂಬ ಹಿಡಿದುಕೊಂಡು ನಕ್ಕ ನಗುವಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದುಹೋದವು. ನನಗೆ ನಾಚಿಕೆಯಾಗಿ, "ಹಿಡಿದ ಕೈ ಬಿಡ್ರಿ ಮತ್ತ, ಧೈರ್ಯ ಏನಿಲ್ಲ ಇದರಾಗ," ಎಂದೆ. ಅವರು ಬಿಡಲಿಲ್ಲ. "ಬಾಣಂತಿಗೆ ಉಣ್ಣಾಕ ಕೊಟ್ಟಿಯಲ್ಲ, ಅದೇನು ಕಡಿಮಿ ಧೈರ್ಯ?" ಎಂದರು.

ಮರುದಿನ ಸಾಹೇಬರ ಕೋಣೆಯಲ್ಲಿ ವಿಚಾರಣೆ. ಮರಿಗಳನ್ನು ಯಾಕೆ ಬೇರೆ ಮಾಡಲಿಲ್ಲ ಎಂದು. ನಾನು ಬಾಯಿ ತೆರೆಯುವ ಮೊದಲೇ ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಏನೋ ಹೇಳಿ ಮುಗಿಸಿದರು. ಹೊರಗೆ ಬಂದು ಕೇಳಿದೆ. "ನಾನೇ ಬೇಡ ಅಂತ ಹೇಳಿ ಹೋಗಿದ್ದೆ ಅಂದೆ," ಎಂದರು. ಈಗ ಬೇರೆ ಮಾಡಿ ಫಲವಿಲ್ಲ ಎಂದು ಸಾಹೇಬರು ಮರಿಗಳನ್ನು ತಾಯಿಯ ಹತ್ತಿರವೇ ಬಿಟ್ಟರು. ಆದರೆ ಒಂದು ಮಾತು ಬರೆಸಿಕೊಂಡರು: ಮರಿಗಳಿಗೆ ಏನಾದರೂ ಆದರೆ ಹೊಣೆ ಡಾಕ್ಟರಮ್ಮನದು.

ಐದು ವಾರಕ್ಕೆ ಮರಿಗಳ ರಕ್ತ ತೆಗೆದೆವು, ಒಂದೊಂದು ಹನಿ. ಮರುದಿನ ನನ್ನನ್ನು ಮೊದಲ ಸಲ ಒಳಕೋಣೆಗೆ ಕರೆದರು. ಮೇಜಿನ ಮೇಲೆ ಸಣ್ಣ ಸಣ್ಣ ಗುಳಿಗಳ ಒಂದು ತಟ್ಟೆ, ನಮ್ಮ ಪಡ್ಡಿನ ಹಂಚನ್ನು ಯಾರೋ ಆಟಿಕೆ ಮಾಡಿದ ಹಾಗೆ. ಕಸುವು ಇದ್ದಷ್ಟೂ ಹಳದಿ ಹೆಚ್ಚಂತೆ. ಒಂದು ಗುಳಿ ಅರಿಶಿನದಷ್ಟು ಹಳದಿ, ಅದು ತಾಯಿ. ಮೂರು ಗುಳಿ ತಿಳಿ ಹಳದಿ. ನಾಲ್ಕನೆಯದು ಬರೀ ನೀರು.

"ಸಣ್ಣದು," ಎಂದೆ. ಎಲ್ಲಕ್ಕಿಂತ ಸಣ್ಣ ಹೆಣ್ಣು ಮರಿ. ಉಳಿದ ಮೂರು ಅದನ್ನು ಮೊಲೆಯಿಂದ ತಳ್ಳುತ್ತಿದ್ದುದನ್ನು ಕಿಂಡಿಯಿಂದ ಕಂಡಿದ್ದೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿದರು.

ರೋಗವೂ ದಾರಿ ಕಾಯುತ್ತಿತ್ತೋ ಏನೋ. ಒಂದು ಜೋರು ಮಳೆಗೆ ಹಿಂದಿನ ಬೇಲಿಯ ಬುಡ ಕೊಚ್ಚಿಹೋಗಿ ಕಾಯಿಲೆಯ ಬೀದಿ ನಾಯಿಯೊಂದು ಗೂಡಿನ ಜಾಲರಿಯ ತನಕ ಬಂದು ಮಲಗಿತ್ತು. ವಾರ ಕಳೆಯುವುದರಲ್ಲಿ ಮರಿಗಳು ಸೀನಿದವು. ಮೂರು ಮರಿ ನಾಲ್ಕು ದಿನ ಮೂಗು ಸುರಿಸಿ ಮತ್ತೆ ಒಂದರ ಕಿವಿ ಒಂದು ಜಗ್ಗಾಡತೊಡಗಿದವು. ನಾಲ್ಕನೆಯದು ಮಲಗಿದ್ದು ಏಳಲಿಲ್ಲ. ಅದನ್ನು ಬೇರೆ ಗೂಡಿನಲ್ಲಿ ಇಟ್ಟೆವು. ಕಣ್ಣು ಅಂಟಿಕೊಂಡವು. ಅದರ ಬಾಯಿಗೆ ಕೈಗವಸಿನ ಬೆರಳಿಟ್ಟರೆ ದವಡೆ ಮುಚ್ಚುವಷ್ಟೂ ಶಕ್ತಿ ಇರಲಿಲ್ಲ.

ಡಾಕ್ಟರಮ್ಮ ಮಂಜಿನ ಪೆಟ್ಟಿಗೆಯ ಬಾಗಿಲು ತೆರೆದು ನಿಂತರು. ತಾಯಿಯ ರಕ್ತದ ತಿಳಿ, ಬಂದ ದಿನದಿಂದ ಕೂಡಿಟ್ಟದ್ದು, ಅಲ್ಲಿತ್ತು. ಸಾಹೇಬರು ಓಡಿ ಬಂದರು. ಈ ಸಲ ಬಾಗಿಲಿನ ತಟ್ಟೆಯಲ್ಲಿ ಕಾಲು ಅದ್ದಿಯೇ ಬಂದರು.

"ಇದು ಸಂಶೋಧನೆಗೆ ಇಟ್ಟದ್ದು, ಚುಚ್ಚೋದಕ್ಕಲ್ಲ. ನಿಮ್ಮ ಕೆಲಸವೆಲ್ಲ ಇದರಲ್ಲಿದೆ. ಬೇಕಾದರೆ ತಾಯಿಯಿಂದ ಮತ್ತೆ ತೆಗೀರಿ."

"ಹಾಲು ಕುಡಿಸೋ ತಾಯಿಗೆ ಮತ್ತಿನ ಔಷಧಿ ಕೊಟ್ಟು ಮಲಗಿಸಲಿಕ್ಕೆ ಆಗಲ್ಲ ಸಾರ್."

"ಹೋದ ತಿಂಗಳ ರಕ್ತ ಮತ್ತೆ ಸಿಗುತ್ತದೆಯೇ? ಒಂದು ಮರಿಗಾಗಿ..."

ಅವರು ಮಾತಾಡಿದ್ದು ತೆಲುಗಿನಲ್ಲಿ. ಅಷ್ಟು ಹೊತ್ತಿಗೆ ನನಗೆ ಅರ್ಥವಾಗುತ್ತಿತ್ತು. ಆದರೆ ಕಡೆಯ ಮಾತನ್ನು ಡಾಕ್ಟರಮ್ಮ ಸಾಹೇಬರಿಗೆ ಹೇಳಿದ್ದು, ಗೊತ್ತಿಲ್ಲದೇ ಇರಬೇಕು, ನನ್ನ ಕನ್ನಡದಲ್ಲಿ: "ಇದು ನಂದಲ್ರಿ ಸಾರ್. ಅದರ ಪಾಲು."

ಸಾಹೇಬರಿಗೆ ಏನು ತಿಳಿಯಿತೋ, ಹೊರಟುಹೋದರು. ಕೊಳವೆ ಕೊಳವೆಯಾಗಿ ಕರಗಿಸಿ, ಸೋಸಿ, ಮೂರು ದಿನ ಆ ಮರಿಯ ಚರ್ಮದ ಕೆಳಗೆ ಕೊಟ್ಟರು. ಪ್ರತಿ ಸಲವೂ "ಕೊಂಚೆಮೇ, ಕೊಂಚೆಮೇ." ಮೂರನೆಯ ದಿನ ಪೆಟ್ಟಿಗೆಯ ಆ ಅಂಕಣ ಬರಿದಾಯಿತು. ಅವರು ಬರೆಯಬೇಕೆಂದಿದ್ದನ್ನು ಬರೆಯಲಾಗಲಿಲ್ಲ. ಆ ತಿಳಿಯಿಂದಲೇ ಆಯಿತೇ ಎಂದು ನಾನು ಎಷ್ಟು ಸಲ ಕೇಳಿದರೂ, "ಒಂದು ಮರಿಯಿಂದ ಏನೂ ಸಾಬೀತಾಗಂಗಿಲ್ಲ, ಯಾದಗಿರಮ್ಮ," ಎನ್ನುತ್ತಾರೆ. ಸುಳ್ಳು ಅವರಿಗೆ ಸಂತೋಷಕ್ಕೂ ಬರುವುದಿಲ್ಲ.

ಆದರೆ ಸಂತೋಷ ಬರುತ್ತಿತ್ತು. ಅದನ್ನು ನಾನು ಕಂಡಿದ್ದೇನೆ. ಮೊದಲ ಸೂಜಿ ಕೊಟ್ಟ ಒಂಬತ್ತನೆಯ ದಿನ ಬೆಳಿಗ್ಗೆ ನಾನು ಗೇಟಿನ ಹೊರಗೆ ಅಂಗಳ ಗುಡಿಸುತ್ತಿದ್ದೆ. ಡಾಕ್ಟರಮ್ಮ ಮರಿಯ ಜ್ವರ ನೋಡಲು ಒಳಗೆ ಹೋಗಿದ್ದರು. "ಅಯ್ಯೋ!" ಎಂದು ಕೂಗು ಕೇಳಿತು. ಪೊರಕೆ ಬಿಸಾಡಿ ಓಡಿದೆ. ಅವರು ಎದುರಿಗೇ ಓಡಿ ಬಂದರು, ಗೂಡಿನ ಚಪ್ಪಲಿಯಲ್ಲೇ ಗೇಟು ದಾಟಿ, ಹರಿದ ಕೈಗವಸನ್ನು ಬಾವುಟದ ಹಾಗೆ ಎತ್ತಿಕೊಂಡು.

"ಕರಿಚಿಂದಿ! ಯಾದಗಿರಮ್ಮಾ, ಕಚ್ಚಿತು! ಕಚ್ಚಿತು ನೋಡಿಲ್ಲಿ!"

ತೋರು ಬೆರಳಿನಲ್ಲಿ ಎರಡು ಸಣ್ಣ ಕೆಂಪು ಚುಕ್ಕೆ. ಸಾಹೇಬರು ಕಿಟಕಿಯಿಂದ ತಲೆ ಹಾಕಿದರೆ ಅವರಿಗೂ ಬೆರಳು ತೋರಿಸಿದರು.

ನಿಯಮದಂತೆ ನಾಯಿ ಕಚ್ಚಿದ್ದಕ್ಕೆ ಸೂಜಿ ಹಾಕಿಸಿಕೊಳ್ಳಲೇಬೇಕು. ನಾನೇ ಜೊತೆಗೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಉದ್ದ ಸರದಿ. ಕಚ್ಚಿಸಿಕೊಂಡವರೆಲ್ಲ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಇವರೊಬ್ಬರು ಮದುವೆಗೆ ಬಂದವರ ಹಾಗೆ ನಗುತ್ತಿದ್ದರು. ಪಕ್ಕದ ಮುದುಕಪ್ಪ ಮರುಕದಿಂದ, "ಪಾಪ, ಯಾವ ಬೀದಿಯ ನಾಯಿ ತಾಯೀ?" ಎಂದು ಕೇಳಿದ.

ಡಾಕ್ಟರಮ್ಮ ಬೆರಳನ್ನು ಅವನ ಕಣ್ಣಿನ ಹತ್ತಿರ ಹಿಡಿದರು.

"ಬೀದಿಯದಲ್ಲ ತಾತಾ," ಎಂದರು. "ನಮ್ಮ ನಾಲ್ಕನೆಯದು."